ನಾಶವಾಗದ ಶಕ್ತಿಯನ್ನು ಉಳಿಸುವುದೇಕೆ?

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಅದು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಪ್ರೌಢಶಾಲೆಯ ಮಕ್ಕಳು ಈ ನಿಯಮವನ್ನು ಕಂಠಪಾಠ ಮಾಡಿರುತ್ತಾರೆ. ‘ಶಕ್ತಿ ಉಳಿಸಿ’ ಎಂಬ ಘೋಷಣೆಯೂ ಅವರಿಗೆ ಅಷ್ಟೇ ಪರಿಚಿತ. ನಾಶವೇ ಆಗದುದನ್ನು ಉಳಿಸುವುದೇಕೆ ಎಂದು ಜಾಣ ವಿದ್ಯಾರ್ಥಿಯೊಬ್ಬಳು ಕೇಳಿದರೆ, ಕಂಠಪಾಠದ ನಿಯಮ ಉತ್ತರಿಸದು. ನಮ್ಮ ವಿಜ್ಞಾನ ಬೋಧನೆಯ ಮುಖ್ಯ ಕೊರತೆ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ತೊಡಕು ಭಾಷೆಯಿಂದಲೇ ಆರಂಭವಾಗುತ್ತದೆ. ಬಲ, ಶಕ್ತಿ, ಸಾಮರ್ಥ್ಯ ಇವು ಆಡುಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಭೌತವಿಜ್ಞಾನದಲ್ಲಿ ಮಾತ್ರ ಬಲಕ್ಕೆ ನ್ಯೂಟನ್, ಶಕ್ತಿಗೆ ಜೂಲ್, ಸಾಮರ್ಥ್ಯಕ್ಕೆ ವ್ಯಾಟ್ ಎಂಬ ಬೇರೆ ಬೇರೆ ಮಾನಗಳಿವೆ. ‘ಸಂರಕ್ಷಣೆ’ ಎಂಬ ಪದವೂ ನಿಯಮದಲ್ಲಿ ‘ಮೊತ್ತ ಬದಲಾಗದು’ ಎಂದೂ, ಘೋಷಣೆಯಲ್ಲಿ ‘ಮಿತವಾಗಿ ಬಳಸು’ ಎಂದೂ ಅರ್ಥ ಕೊಡುತ್ತದೆ. ನಿಯಮಕ್ಕೆ ‘ನಿತ್ಯತೆ’ ಎಂಬ ಪದವೇ ಹೆಚ್ಚು ಒಪ್ಪುತ್ತದೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸ್ನಾನದ ಮನೆಯಲ್ಲೇ ಇದೆ. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಇಪ್ಪತ್ತು ಲೀಟರಿನ ಎರಡು ಬಕೆಟ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ ಅಷ್ಟು ಬೇಕು. ಪಂಪಿನಲ್ಲಿ ಅರ್ಧ ನಷ್ಟವಾದರೂ ಅದೇ ಯೂನಿಟ್ 18 ಸಾವಿರ ಲೀಟರ್ ನೀರನ್ನು ಹತ್ತು ಮೀಟರ್ ಎತ್ತರಕ್ಕೆ ಏರಿಸಬಲ್ಲದು. ಕಾದ ನೀರು ಆರಿದಾಗ ಒಂದು ಜೂಲೂ ನಾಶವಾಗಿರುವುದಿಲ್ಲ. ಆದರೆ ಗಾಳಿಯಲ್ಲಿ ಹರಡಿಹೋದ ಆ ಉಷ್ಣದಿಂದ ಮತ್ತೆ ಪಂಪು ನಡೆಸಲಾಗದು. ಮೊತ್ತ ಉಳಿಯುತ್ತದೆ, ಉಪಯುಕ್ತತೆ ಕುಗ್ಗುತ್ತದೆ. ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮದ ಸಾರ ಇದೇ. ಸಮೀಕರಣವಿಲ್ಲದೆಯೇ ಇದನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿಕೊಡಬಹುದು.

ನಡೆದಿರುವುದು ಬೇರೆಯೇ. ಕೋವಿಡ್ ನಂತರ ಕಲಿಕೆಯ ಹೊರೆ ತಗ್ಗಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿದ ಕಡಿತದಲ್ಲಿ, ಹತ್ತನೆಯ ತರಗತಿಯ ‘ಶಕ್ತಿಯ ಆಕರಗಳು’ ಅಧ್ಯಾಯ ಪೂರ್ಣವಾಗಿ ಹೊರಬಿತ್ತು. ಹೊರೆ ಇಳಿಸಬೇಕೆಂಬುದು ನ್ಯಾಯವೇ. ಆದರೆ ಹತ್ತನೆಯ ತರಗತಿಯ ನಂತರ ಹಲವರು ವಿಜ್ಞಾನ ಓದುವುದಿಲ್ಲ. ನಾಗರಿಕರಾಗಿ ಅವರಿಗೆ ಅತ್ಯಗತ್ಯವಾದ ಪಾಠವನ್ನೇ ಕೈಬಿಟ್ಟದ್ದು ಸರಿಯಲ್ಲ.

ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಪ್ರಸ್ತಾವವನ್ನೇ ನೋಡಿ. ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಏರಿಸಿ, ಬೇಡಿಕೆ ಹೆಚ್ಚಿದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ ಯೋಜನೆಯಿದು. ಏರಿಸಲು ಖರ್ಚಾಗುವಷ್ಟು ವಿದ್ಯುತ್ ಮರಳಿ ಬರುವುದಿಲ್ಲ; ಆದ್ದರಿಂದ ಇದು ಹೊಸ ಶಕ್ತಿಯ ಆಕರವಲ್ಲ. ಹಾಗೆಂದು ನಿರರ್ಥಕವೂ ಅಲ್ಲ. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕಾದಿಡುವ ಉಗ್ರಾಣವದು. ಆ ಅನುಕೂಲಕ್ಕಾಗಿ ಪಶ್ಚಿಮ ಘಟ್ಟದ ಕಾಡನ್ನು ತೆರಬಹುದೇ ಎಂಬುದನ್ನು ಭೌತವಿಜ್ಞಾನವೊಂದೇ ನಿರ್ಧರಿಸದು. ಆದರೆ ಆಕರಕ್ಕೂ ಉಗ್ರಾಣಕ್ಕೂ ಇರುವ ವ್ಯತ್ಯಾಸ ತಿಳಿಯದವರು ಪರ ಅಥವಾ ವಿರೋಧ ಘೋಷಣೆ ಕೂಗಬಹುದೇ ಹೊರತು ತೂಗಿ ನೋಡಲಾರರು.

ಪರಿಹಾರ ದುಬಾರಿಯಲ್ಲ. ಮಕ್ಕಳು ಒಂದು ವಾರ ಮನೆಯ ಮೀಟರ್ ಓದಿ, ಯಾವ ಉಪಕರಣ ಎಷ್ಟು ಬಳಸಿತೆಂದು ಲೆಕ್ಕ ಹಾಕಲಿ. ಪರೀಕ್ಷೆಯಲ್ಲಿ ನಿಯಮದ ನಿರೂಪಣೆಗೆ ಮೀಸಲಾದ ಅಂಕಗಳಲ್ಲಿ ಕೆಲವನ್ನಾದರೂ ಇಂಥ ಲೆಕ್ಕಕ್ಕೆ ಕೊಡಲಿ. ಪ್ರಶ್ನೆಪತ್ರಿಕೆ ಬದಲಾಗದೆ ನಮ್ಮ ತರಗತಿಗಳಲ್ಲಿ ಬೋಧನೆ ಬದಲಾಗದು.