ನೆಗಡಿ ಫೋಟೋಶಾಪ್‌ಗೆ, ತಿಥಿ ಮದುವೆ ಫೋಟೋಗಳಿಗೆ!

ಮದುವೆ ಸೀಸನ್ ಶುರುವಾಯಿತೆಂದರೆ ಊರಿನ ಸ್ಟುಡಿಯೋಗಳಲ್ಲಿ ಫೋಟೋಶಾಪ್ ಕೈಕೊಡುವುದು ವಾಡಿಕೆ. ಆಲ್ಬಮ್ಮಿನ ಇಪ್ಪತ್ತನೇ ಹಾಳೆಗೆ ಧಾರೆ ಫೋಟೋ ಕೂರಿಸುತ್ತಿರುವಾಗ ಪರದೆ ಬೆಳ್ಳಗಾಗುತ್ತದೆ. 'ನಾಟ್ ರೆಸ್ಪಾಂಡಿಂಗ್' ಅಂತ ತಲೆಯ ಮೇಲೆ ಬರೆದುಕೊಂಡು ಕೂತುಬಿಡುತ್ತದೆ. ಮುಚ್ಚಿ ತೆಗೆದರೂ ಅದೇ ಹಾಡು. ಇನ್ನೊಂದು ದಿನ 'ಸ್ಕ್ರ್ಯಾಚ್ ಡಿಸ್ಕ್ ಫುಲ್' ಅಂತ ಬೇರೆ ರಾಗ. ಮಾಲೀಕರು ಫೋನು ಮಾಡುತ್ತಾರೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಸಿಸ್ಟಂ ರಿಪೇರಿ ಹುಡುಗ ಬರುತ್ತಾನೆ. ಎರಡು ಸಲ ಮೌಸ್ ಆಡಿಸುತ್ತಾನೆ.

"ಅಣ್ಣಾ, ಇದು ಆಗಲ್ಲ. ಫಾರ್ಮ್ಯಾಟ್ ಹೊಡೀಬೇಕು."

"ಹೊಡಿಯಪ್ಪಾ, ನಾಳೆ ಆಲ್ಬಮ್ ಕೊಡಬೇಕು!"

ಮುಗಿಯಿತು. ನೆಗಡಿ ಬಂತೆಂದು ಮೂಗನ್ನೇ ಕೊಯ್ದದ್ದಾಯಿತು. ಕೆಟ್ಟಿದ್ದು ಒಂದು ಸಾಫ್ಟ್‌ವೇರ್, ತೊಳೆದು ಹಾಕಿದ್ದು ಇಡೀ ಕಂಪ್ಯೂಟರ್. ಡೆಸ್ಕ್‌ಟಾಪಿನ ಮೇಲೆ 'ನ್ಯೂ ಫೋಲ್ಡರ್ 3' ಅಂತ ಹೆಸರಿಟ್ಟುಕೊಂಡು ಯಾರದೋ ಮದುವೆ, ಯಾರದೋ ನಾಮಕರಣ ಬಿದ್ದುಕೊಂಡಿತ್ತು. ಅದೂ ಜತೆಗೇ ಹೋಯಿತು. ಕ್ಯಾಮೆರಾ ಕಾರ್ಡಿನಲ್ಲಿ ಇರಬಹುದಲ್ಲ ಅಂದರೆ ಅದನ್ನು ಮುಂದಿನ ಮುಹೂರ್ತಕ್ಕೆಂದು ಆವತ್ತೇ ಖಾಲಿ ಮಾಡಿರುತ್ತಾರೆ. ಮೂರು ತಿಂಗಳ ನಂತರ ಗಿರಾಕಿ ಬಂದು "ಏನ್ರೀ, ಆಲ್ಬಮ್ ಎಲ್ಲಿ?" ಅಂದರೆ "ಸಿಸ್ಟಂ ಕೆಟ್ಟೋಗಿತ್ತು ಮೇಡಂ, ಮುಂದಿನ ವಾರ ಬನ್ನಿ" ಎಂಬ ಉತ್ತರ. ಆ ಮುಂದಿನ ವಾರ ಬರುವುದೇ ಇಲ್ಲ. ಮುಂಗಡ ವಾಪಸ್ ಕೊಟ್ಟರೂ ಫೋಟೋದಲ್ಲಿದ್ದ ಅಜ್ಜಿಯನ್ನು ಮತ್ತೊಮ್ಮೆ ಮಂಟಪದಲ್ಲಿ ಕೂರಿಸಲು ಯಾರಿಂದ ಆದೀತು?

ಹಿಂದೆ ಸ್ಟುಡಿಯೋಗಳಲ್ಲಿ ಕತ್ತಲೆ ಕೋಣೆ ಇತ್ತು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ತಿದ್ದುವ ಕಸಬುದಾರರಿದ್ದರು. ಒಂದೊಂದು ನೆಗೆಟಿವ್ ಕವರಿಗೂ ನಂಬರು. ಎನ್‌ಲಾರ್ಜರ್ ಕೆಟ್ಟರೆ ಎನ್‌ಲಾರ್ಜರ್ ರಿಪೇರಿಯಾಗುತ್ತಿತ್ತು. ಅದಕ್ಕಾಗಿ ನೆಗೆಟಿವ್ ಪೆಟ್ಟಿಗೆಗೆ ಯಾರೂ ಬೆಂಕಿ ಇಡುತ್ತಿರಲಿಲ್ಲ. ಈಗ ಇಡುತ್ತಿದ್ದಾರೆ. ಅದಕ್ಕೆ ಸರ್ವಿಸ್ ಚಾರ್ಜು ಬೇರೆ!

ಬಾಡಿಗೆದಾರ ಹೋದ, ಟ್ರಂಕು ಹೋಗಲಿಲ್ಲ

ಹಾಗಾದರೆ ಕೆಟ್ಟ ಫೋಟೋಶಾಪ್ ತೆಗೆದು ಮತ್ತೆ ಹಾಕುವುದು ಬೇಡವೆ? ಬೇಕು. ಆದರೆ 'ತೆಗೆಯುವುದು' ಅಂದರೆ ಏನೆಂದು ತೆಗೆಯುವವನಿಗೆ ಗೊತ್ತಿರಬೇಕು. ಕೆಲವರು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ ಫೋಟೋಶಾಪ್ ಫೋಲ್ಡರನ್ನು ಡಿಲೀಟ್ ಮಾಡಿ ಕೈ ಒರೆಸಿಕೊಳ್ಳುತ್ತಾರೆ. ಇದು ಬಾಡಿಗೆದಾರನ ಬಾಗಿಲಿನ ನಾಮಫಲಕ ಕಿತ್ತು ಮನೆ ಖಾಲಿಯಾಯಿತು ಅಂದುಕೊಂಡ ಹಾಗೆ. ಅವನ ಟ್ರಂಕು ಅಟ್ಟದ ಮೇಲಿದೆ, ಪಾತ್ರೆ ಹಿತ್ತಲಲ್ಲಿದೆ, ರೇಷನ್ ಕಾರ್ಡಿನಲ್ಲಿ ವಿಳಾಸ ಅದೇ ಇದೆ. ಫೋಟೋಶಾಪ್ ಕೂಡ ಹಾಗೇ. ವಿಂಡೋಸ್‌ನ ರಿಜಿಸ್ಟ್ರಿ ಎಂಬ ದಫ್ತರಿನಲ್ಲಿ ತನ್ನ ಹೆಸರು ಬರೆಸಿರುತ್ತದೆ, ಕಾಮನ್ ಫೈಲ್ಸ್‌ನಲ್ಲಿ ಒಂದಿಷ್ಟು ಸಾಮಾನು ಇಟ್ಟಿರುತ್ತದೆ. ಬಳಕೆದಾರನ ಇಷ್ಟಾನಿಷ್ಟಗಳ ಫೈಲುಗಳನ್ನು 'ಆಪ್‌ಡೇಟಾ' ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಆ ಫೋಲ್ಡರು ಸುಮ್ಮನೆ ನೋಡಿದರೆ ಕಣ್ಣಿಗೂ ಕಾಣುವುದಿಲ್ಲ.

ತಮಾಷೆ ಇರುವುದು ಇಲ್ಲೇ. ಅನೇಕ ಸಲ ಕೆಟ್ಟಿರುವುದು ಈ ಇಷ್ಟಾನಿಷ್ಟಗಳ ಫೈಲು, ಅಂದರೆ ಪ್ರಿಫರೆನ್ಸ್ ಫೈಲು. ಅದನ್ನು ಹಾಗೇ ಬಿಟ್ಟು ಹತ್ತು ಸಲ ಫೋಟೋಶಾಪ್ ತೆಗೆದು ಹಾಕಿದರೂ ಹೊಸ ಸಾಫ್ಟ್‌ವೇರು ಬಂದು ಅದೇ ಹಳೇ ಕೊಳೆತ ಫೈಲನ್ನು ಓದಿಕೊಂಡು ಅದೇ ಜಾಗದಲ್ಲಿ ಬೀಳುತ್ತದೆ. "ನೋಡಿದ್ರಾ ಅಣ್ಣಾ, ರೀಇನ್‌ಸ್ಟಾಲ್ ಮಾಡಿದ್ರೂ ಆಗ್ಲಿಲ್ಲ" ಅಂತ ಹುಡುಗ ಫಾರ್ಮ್ಯಾಟ್‌ಗೆ ಕೈ ಹಾಕುತ್ತಾನೆ.

ಈ ಫೈಲನ್ನು ಸರಿಮಾಡಲು ಫೋಟೋಶಾಪ್ ತೆಗೆಯುವುದೇ ಬೇಡ. ಅದನ್ನು ಕ್ಲಿಕ್ ಮಾಡಿದ ಕೂಡಲೇ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಸೆಟ್ಟಿಂಗ್ಸ್ ಅಳಿಸಲೇ ಅಂತ ಅದೇ ಕೇಳುತ್ತದೆ. ಹೂಂ ಅಂದರೆ ಸಾಕು. ಅರ್ಧ ನಿಮಿಷದ ಕೆಲಸ! ಇದರಿಂದ ಎದ್ದು ಕೂತ ಫೋಟೋಶಾಪ್‌ಗಳಿಗೆ ಲೆಕ್ಕವಿಲ್ಲ. ಒಂದು ಎಚ್ಚರಿಕೆ ಇದೆ. ಆಲ್ಬಮ್ ಕೆಲಸಕ್ಕೆಂದು ವರ್ಷಗಟ್ಟಲೆ ಕೂಡಿಟ್ಟ 'ಆಕ್ಷನ್'ಗಳು ಈ ಒರೆಸುವಿಕೆಯಲ್ಲಿ ಹೋದಾವು. ಮೊದಲೇ ಅವನ್ನು ಬೇರೆ ಫೈಲಾಗಿ ಸೇವ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು. ಬ್ರಷ್‌ಗಳಿಗೂ ಅದೇ ಮಾತು.

ಸ್ಕ್ರ್ಯಾಚ್ ಡಿಸ್ಕ್ ತುಂಬಿದ್ದಕ್ಕೂ ಸಾಫ್ಟ್‌ವೇರ್ ಕಿತ್ತು ಹಾಕುವವರಿದ್ದಾರೆ. ಅದು ಕೇಳುತ್ತಿರುವುದು ಡಿಸ್ಕಿನಲ್ಲಿ ಒಂದಿಷ್ಟು ಖಾಲಿ ಜಾಗ, ಅಷ್ಟೆ. ಫೋಟೋಶಾಪ್ ನಡುವೆ ಸತ್ತಾಗಲೆಲ್ಲ 'ಫೋಟೋಶಾಪ್ ಟೆಂಪ್' ಅಂತ ಹೆಸರಿನ ದೊಡ್ಡ ದೊಡ್ಡ ಫೈಲುಗಳನ್ನು ಬಿಟ್ಟು ಹೋಗಿರಬಹುದು. ಫೋಟೋಶಾಪ್ ಮುಚ್ಚಿ ಅವನ್ನು ಗುಡಿಸಿದರೆ ಜಾಗ ಬಂತು. ಸಾವಿರಾರು ಫಾಂಟು ತುಂಬಿಕೊಂಡ ಸ್ಟುಡಿಯೋಗಳಲ್ಲಿ ಒಂದು ಕೆಟ್ಟ ಫಾಂಟು ಸಾಕು ಇಡೀ ಫೋಟೋಶಾಪ್ ಮಲಗಿಸಲು. ಫಾಂಟು ಇರುವುದು ವಿಂಡೋಸ್ ಕೈಯಲ್ಲಿ. ಫೋಟೋಶಾಪ್ ತೆಗೆದು ಹಾಕಿದರೆ ಅದು ಕದಲುವುದಿಲ್ಲ.

ಇಷ್ಟೂ ಮಾಡಿ ಆಗಲಿಲ್ಲವೆಂದರೆ ಆಗ ತೆಗೆಯಲಿ. ಮೊದಲು ಅಕೌಂಟಿನಿಂದ ಸೈನ್ ಔಟ್. ಚಂದಾದಾರರಿಗೆ ಎರಡೇ ಕಂಪ್ಯೂಟರಿನ ಲೆಕ್ಕ, ಸತ್ತ ಯಂತ್ರದ ಹೆಸರಲ್ಲಿ ಒಂದು ಸಿಕ್ಕಿಕೊಳ್ಳಬಾರದು. ನಂತರ ಫೋಟೋಶಾಪ್‌ನದೇ ಅನ್‌ಇನ್‌ಸ್ಟಾಲ್. ಅದು ನಡುವೆ ಪ್ರಿಫರೆನ್ಸ್ ಇಟ್ಟುಕೊಳ್ಳಲೇ, ತೆಗೆಯಲೇ ಅಂತ ಕೇಳುತ್ತದೆ. ಅವಸರದ ಹುಡುಗರು 'ಇಟ್ಟುಕೊ' ಅಂತ ಒತ್ತಿ ಮುಂದೆ ಹೋಗುವುದರಲ್ಲೇ ಎಡವಟ್ಟು. ಆಮೇಲೂ ಜಿಗುಟು ಉಳಿದರೆ ಅಡೋಬಿ ಕಂಪನಿಯೇ ಪುಕ್ಕಟೆ ಕೊಡುವ 'ಕ್ರಿಯೇಟಿವ್ ಕ್ಲೌಡ್ ಕ್ಲೀನರ್ ಟೂಲ್' ಇದೆ. ಮಾಮೂಲಿ ದಾರಿಯಲ್ಲಿ ಹೋಗದ ಅವಶೇಷಗಳನ್ನು ಹುಡುಕಿ ಕೀಳಲಿಕ್ಕೆಂದೇ ಮಾಡಿದ್ದು. ಅದನ್ನು ಓಡಿಸಿ, ಕಂಪ್ಯೂಟರ್ ಆರಿಸಿ ಹಚ್ಚಿ, ಹೊಸದಾಗಿ ಹಾಕಿದರೆ ಆಯಿತು. ಎಲ್ಲೂ ಡಿಸ್ಕ್ ಒರೆಸುವ ಮಾತಿಲ್ಲ.

ಕಳ್ಳ ಸರಕಿನ ಕಥೆ

ಆದರೆ ಸ್ವಾಮೀ, ಈ ಕ್ರಮವೆಲ್ಲ ಅಸಲಿ ಸರಕಿಗೆ. ಎಷ್ಟೋ ಸ್ಟುಡಿಯೋಗಳಲ್ಲಿ ಓಡುತ್ತಿರುವುದು 'ಕ್ರ್ಯಾಕ್' ಫೋಟೋಶಾಪ್ ಎಂಬುದು ಗುಟ್ಟೇನಲ್ಲ. ಕ್ರ್ಯಾಕ್ ಹಾಕುವಾಗ ಮೊದಲ ಕೆಲಸ ಆಂಟಿವೈರಸ್ ಆರಿಸುವುದು. ಮನೆಗೆ ಕಳ್ಳನನ್ನು ಕರೆಯುವ ಮುಂಚೆ ನಾಯಿ ಕಟ್ಟಿಹಾಕಿದ ಹಾಗೆ! ಎರಡನೆಯದು 'ಹೋಸ್ಟ್ಸ್' ಎಂಬ ಪುಟ್ಟ ಫೈಲಿಗೆ ಕೈ ಹಾಕಿ, ಕಂಪನಿಯ ಸರ್ವರಿಗೆ ಕಂಪ್ಯೂಟರು ಫೋನು ಮಾಡದ ಹಾಗೆ ವಿಳಾಸ ತಿರುಚಿ ಬರೆಯುವುದು. ಮುಂದೆ ಮಾಲೀಕರಿಗೆ ಬುದ್ಧಿ ಬಂದು ದುಡ್ಡು ಕಟ್ಟಿ ಅಸಲಿ ಹಾಕಿಸಿದರೂ ಅದು ಸೈನ್ ಇನ್ ಆಗುವುದಿಲ್ಲ, ಯಾಕೆಂದರೆ ಹೋಸ್ಟ್ಸ್ ಫೈಲಿನ ಹಳೇ ಬೇಲಿ ಹಾಗೇ ಇರುತ್ತದೆ. ಕಂಪನಿಯವರಿಗೂ ಇದು ಗೊತ್ತಿದೆ. ಅವರ ಕ್ಲೀನರ್ ಟೂಲಿನಲ್ಲಿ ಹೋಸ್ಟ್ಸ್ ಫೈಲು ಸರಿಪಡಿಸುವುದಕ್ಕೆಂದೇ ಒಂದು ಸಾಲು ಇಟ್ಟಿದ್ದಾರೆ.

ಇನ್ನೂ ಘೋರವಾದದ್ದು ಬೇರೆ ಇದೆ. 'ಸ್ಟಾಪ್' ಅಥವಾ 'ಡಿಜೆವಿಯು' ಎಂಬ ಸುಲಿಗೆ ವೈರಸ್ ಹಬ್ಬಿದ್ದೇ ಹೆಚ್ಚಾಗಿ ಇಂಥ ಕ್ರ್ಯಾಕ್‌ಗಳ ಬೆನ್ನೇರಿ. ಅದು ಡಿಸ್ಕಿನ ಫೋಟೋಗಳಿಗೆಲ್ಲ ಬೀಗ ಜಡಿದು, ಬೀಗದ ಕೈಗೆ 980 ಡಾಲರ್ ಕೇಳುತ್ತಿತ್ತು. 72 ಗಂಟೆಯೊಳಗೆ ಕೊಟ್ಟರೆ ಅರ್ಧ ರಿಯಾಯಿತಿ ಅಂತೆ! ಡಿಸ್ಕೌಂಟ್ ಸೇಲು. ಫೋಟೋಶಾಪ್ ತೆಗೆದು ಹಾಕಿದರೆ ಆ ಬೀಗ ಬಿಚ್ಚುವುದಿಲ್ಲ, ಫಾರ್ಮ್ಯಾಟ್ ಹೊಡೆದರೆ ಬೀಗದ ಜತೆ ಫೋಟೋನೂ ಹೋಗುತ್ತದೆ.

ಕಾನೂನೂ ಸುಮ್ಮನಿಲ್ಲ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನಲ್ಲಿ ಕಳ್ಳ ಪ್ರತಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದವರಿಗೆ 7 ದಿನಕ್ಕೆ ಕಡಿಮೆಯಿಲ್ಲದೆ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ, ವ್ಯಾಪಾರಕ್ಕಾಗಿ ಬಳಸದವರ ವಿಷಯದಲ್ಲಿ ನ್ಯಾಯಾಲಯ ಜೈಲು ಬಿಡಬಹುದು. ಸ್ಟುಡಿಯೋದವರು ಮಾಡುತ್ತಿರುವುದು ವ್ಯಾಪಾರವೇ ಆಯಿತಲ್ಲ.

ಹಾಗಂತ ತಪ್ಪೆಲ್ಲ ಸ್ಟುಡಿಯೋದವರ ತಲೆಗೇ ಕಟ್ಟುವುದು ನ್ಯಾಯವಲ್ಲ. 1990ರಲ್ಲಿ ಮೊದಲು ಬಂದ ಫೋಟೋಶಾಪ್ ಎರಡು ದಶಕಕ್ಕೂ ಹೆಚ್ಚು ಕಾಲ ಡಬ್ಬದಲ್ಲಿ ಮಾರಾಟವಾಯಿತು. ಒಂದು ಸಲ ಕೊಂಡರೆ ಅದು ಕೊಂಡವರದು. 2012ರ ಸಿಎಸ್ 6 ಆವೃತ್ತಿಯೇ ಕೊನೆ. 2013ರ ಮೇ ತಿಂಗಳಲ್ಲಿ ಕಂಪನಿ 'ಇನ್ನು ಮುಂದೆ ಎಲ್ಲ ಬಾಡಿಗೆಗೆ' ಎಂದು ಸಾರಿತು. ಆಷಾಢದಲ್ಲಿ ಬೋಣಿಯಾಗದ ಸ್ಟುಡಿಯೋ ಕೂಡ ತಿಂಗಳಿಗಿಷ್ಟು ಅಂತ ಕಟ್ಟಬೇಕು. ಅದು ಸಾಲದೆಂದು 2019ರ ಮೇನಲ್ಲಿ ಬಾಡಿಗೆ ಕಟ್ಟುವವರಿಗೂ ತೀರಾ ಹೊಸ ಎರಡು ಮುಖ್ಯ ಆವೃತ್ತಿಗಳನ್ನು ಬಿಟ್ಟು ಹಿಂದಿನದು ಸಿಗದಂತೆ ಮಾಡಿತು. ಹತ್ತು ವರ್ಷದ ಹಳೇ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿ ಇಟ್ಟುಕೊಂಡವನು ಅದನ್ನು ತೆಗೆದನೋ, ಮತ್ತೆ ಅದೇ ಸಿಗುವ ಭರವಸೆ ಇಲ್ಲ. ಹೊಸದನ್ನು ಆ ಯಂತ್ರ ಹೊರುವುದಿಲ್ಲ. ಆದ್ದರಿಂದ ಕೀಳುವ ಮುಂಚೆ ಮತ್ತೆ ನೆಡಲು ಸಸಿ ಕೈಯಲ್ಲಿದೆಯೇ ಅಂತ ನೋಡಿಕೊಳ್ಳುವುದು ಹುಡುಗನ ಮೊದಲ ಕೆಲಸವಾಗಬೇಕು. ಬಾಡಿಗೆ ಬೇಡವೆಂದವರಿಗೆ ಜಿಂಪ್ ಅಂತ ಪುಕ್ಕಟೆ ಸಾಫ್ಟ್‌ವೇರ್ 1990ರ ದಶಕದಿಂದ ಇದೆ. ಪಾಸ್‌ಪೋರ್ಟ್ ಫೋಟೋಕ್ಕೆ ಧಾರಾಳ ಸಾಕು. ಆಲ್ಬಮ್ ಡಿಸೈನಿನ ಪಿಎಸ್‌ಡಿಗಳನ್ನು ಅದು ಪೂರ್ತಿ ಅರಗಿಸಿಕೊಳ್ಳುವುದಿಲ್ಲ ಎಂಬುದೂ ನಿಜ.

ಒತ್ತಕ್ಷರ ಒಡೆದ ಶ್ರದ್ಧಾಂಜಲಿ

ಮತ್ತೆ ಹಾಕಿದ ಮೇಲೆ ಕನ್ನಡದವರಿಗೆ ಇನ್ನೊಂದು ಪೀಡೆ ಕಾದಿರುತ್ತದೆ. 2022ಕ್ಕೆ ಮೊದಲಿನ ಕೆಲವು ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರಬೇಕಾದರೆ ಪ್ರಿಫರೆನ್ಸ್‌ನ 'ಟೈಪ್' ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತಬೇಕು. ಪ್ರಿಫರೆನ್ಸ್ ಒರೆಸಿದರೆ ಇದೂ ಒರೆಸಿಹೋಗುತ್ತದೆ. ಮೊದಲಿದ್ದವರು ಒತ್ತಿಟ್ಟಿದ್ದರು, ಹೊಸ ಹುಡುಗನಿಗೆ ಗೊತ್ತಿಲ್ಲ. ಆಗ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ನುಡಿ, ಬರಹದ ಹಳೇ ಫಾಂಟುಗಳಿಗೆ ಈ ಕಾಟವಿಲ್ಲ. ಆದರೆ ಮೊಬೈಲಿನಲ್ಲಿ ಬಂದ ಹೆಸರನ್ನು ಹಾಗೇ ಅಂಟಿಸುವ ಕಾಲವಿದು. ಹಾಗಾಗಿ ಶ್ರದ್ಧಾಂಜಲಿ ಬ್ಯಾನರಿನಲ್ಲಿ ತೀರಿಕೊಂಡವರ ಹೆಸರೇ ಚೂರುಚೂರಾಗಿ ಸರ್ಕಲ್ಲಿನಲ್ಲಿ ನೇತಾಡುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಮತ್ತೊಮ್ಮೆ ರಿಪೇರಿ ಹುಡುಗನಿಗೆ ಫೋನು!

ಆ ಹುಡುಗನ ಪಾಡನ್ನೂ ನೋಡಬೇಕು. ಫಾರ್ಮ್ಯಾಟ್‌ಗೆ ಊರಲ್ಲಿ ಒಂದು ರೇಟಿದೆ. ಪರದೆಯ ಮೇಲೆ ಗೆರೆ ಓಡುತ್ತಿರುವಾಗ ಅವನು ಎರಡು ಟೀ ಕುಡಿದು ಇನ್ನೊಂದು ಅಂಗಡಿಯ ಕೆಲಸವನ್ನೂ ಮುಗಿಸಿ ಬರಬಹುದು. ಕಾರಣ ಹುಡುಕಿ, ಆಕ್ಷನ್ ಸೇವ್ ಮಾಡಿ, ಕ್ರಮವಾಗಿ ಕಿತ್ತು, ಹೋಸ್ಟ್ಸ್ ತೊಳೆದು, ಮತ್ತೆ ಹಾಕಿ, ಕನ್ನಡ ಸರಿಮಾಡಲು ಅರ್ಧ ದಿನ ಬೇಕು. ಅದಕ್ಕೆ ರೇಟೇ ಇಲ್ಲ. "ಬರೀ ರೀಇನ್‌ಸ್ಟಾಲ್‌ಗೆ ಇಷ್ಟಾ?" ಅಂತ ಮಾಲೀಕರೇ ಮುಖ ತಿರುಗಿಸುತ್ತಾರೆ. ಹಾಗಿರುವಾಗ ಅವನೇಕೆ ತಲೆ ಕೆಡಿಸಿಕೊಂಡಾನು?

ಫಾರ್ಮ್ಯಾಟ್ ಆದ ಮೇಲೂ ಫೋಟೋ ವಾಪಸ್ ತರಬಹುದು ಅನ್ನುವವರು ಸಿಗುತ್ತಾರೆ. ಹಳೇ ಮಾದರಿಯ ತಿರುಗುವ ಡಿಸ್ಕಿನಲ್ಲಿ 'ಕ್ವಿಕ್ ಫಾರ್ಮ್ಯಾಟ್' ಮಾತ್ರ ಆಗಿ, ಅದರ ಮೇಲೆ ಬೇರೇನೂ ಬರೆಯದಿದ್ದರೆ ಒಂದಿಷ್ಟು ಸಿಕ್ಕೀತು. ಹುಡುಗ ಆಗಲೇ ಅದರ ಮೇಲೆ ವಿಂಡೋಸ್, ಫೋಟೋಶಾಪ್ ಎರಡನ್ನೂ ಹಾಕಿ ಹೋಗಿರುತ್ತಾನೆ. ಈಗಿನ ಎಸ್‌ಎಸ್‌ಡಿಗಳಲ್ಲಂತೂ ಅಳಿಸಿದ ಜಾಗವನ್ನು ಡಿಸ್ಕು ತಾನಾಗಿಯೇ ಖಾಲಿ ಮಾಡಿಕೊಳ್ಳುವುದರಿಂದ ಆಸೆ ಬಹುಮಟ್ಟಿಗೆ ಬಿಟ್ಟ ಹಾಗೆ.

ತಾಲ್ಲೂಕು ತಾಲ್ಲೂಕಿಗೂ ಫೋಟೋಗ್ರಾಫರುಗಳ ಸಂಘಗಳಿವೆ. ಅವು ಒಂದು ಕಟ್ಟು ಮಾಡಲಿ: ಗಿರಾಕಿಯ ಫೋಟೋ ಬೇರೊಂದು ಡಿಸ್ಕಿಗೆ ಹೋಗದೆ ಫಾರ್ಮ್ಯಾಟ್ ಹೊಡೆಯುವ ಹಾಗಿಲ್ಲ, ರಿಪೇರಿ ಬಿಲ್ಲಿನಲ್ಲಿ ಏನು ತೆಗೆದೆ, ಏನು ಹಾಕಿದೆ ಅಂತ ಬರೆಯದೆ ದುಡ್ಡು ಕೊಡುವ ಹಾಗಿಲ್ಲ. ಸಂಘ ಮಾಡದಿದ್ದರೆ ಮದುವೆ ಮನೆಯವರೇ ಮಾಡಿಸಬೇಕು. ಮುಂಗಡ ಕೊಡುವಾಗ ಡ್ರೋನ್ ಇದೆಯಾ, ಎಲ್‌ಇಡಿ ಪರದೆ ಎಷ್ಟು ಅಡಿ ಅಂತ ಹತ್ತು ಪ್ರಶ್ನೆ ಕೇಳುತ್ತಾರೆ. ಹನ್ನೊಂದನೆಯದಾಗಿ "ನಮ್ಮ ಫೋಟೋ ಎಷ್ಟು ಕಡೆ ಇಡ್ತೀರಿ?" ಅಂತ ಕೇಳಿದರೆ ಮಾಲೀಕರು ಮುಹೂರ್ತಕ್ಕೆ ಮುಂಚೆ ಒಂದು ಹಾರ್ಡ್ ಡಿಸ್ಕನ್ನಾದರೂ ಕೊಂಡಾರು.