ಅವ್ವನ ಎದೆನೋವಿಗೂ ಹಿಂದಿ ಫಾರಮ್ಮೇ?

ಗೆಳೆಯರೇ, ಹಿಂದಿ ಹೇರಿಕೆ ಎಂದ ಕೂಡಲೇ ಬೆಂಗಳೂರಿನ ನಿಮಗೆ ನೆನಪಾಗುವುದು ಬೋರ್ಡು. 2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಫಲಕಗಳ ವಿರುದ್ಧ ನೀವೆಲ್ಲ ಬೀದಿಗಿಳಿದಿರಿ, ಫಲಕಗಳು ಇಳಿದವು. ಭೇಷ್! ಆದರೆ ಬೋರ್ಡು ಓದಲು ಬಾರದಿದ್ದರೆ ಒಂದು ಸ್ಟೇಷನ್ ತಪ್ಪೀತು, ಅಷ್ಟೆ. ಓದಲು ಬಾರದಿದ್ದರೆ ಮನುಷ್ಯ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲಬೇಕಾದ ಕಾಗದವೊಂದಿದೆ. ಅದರ ಮೇಲೆ ನಮ್ಮ ಕಣ್ಣು ಬಿದ್ದೇ ಇಲ್ಲ.

ನರಗುಂದ ತಾಲ್ಲೂಕಿನ ಶಿರೋಳಕ್ಕೆ ಬನ್ನಿ. ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯ ಊರು. ಊರೂರಿನ ರೊಟ್ಟಿ ಒಂದೇ ಪಂಕ್ತಿಯಲ್ಲಿ ಕಲೆಯುವ ಊರು. ಇಂಥ ಊರುಗಳಿಂದಲೇ ಅಂಚೆ ಇಲಾಖೆಗೆ, ರೈಲ್ವೆಗೆ, ಸೈನ್ಯಕ್ಕೆ, ಗಡಿ ಪಡೆಗಳಿಗೆ ಹುಡುಗರು ಹೋದರು. ಮೂವತ್ತು ಮೂವತ್ತೈದು ವರ್ಷ ದುಡಿದು, ಕೂದಲು ನೆರೆತ ಮೇಲೆ ಊರಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ಘನ ಸರ್ಕಾರ ಅವರಿಗೆ ವೈದ್ಯಕೀಯ ರಕ್ಷಣೆ ಕೊಟ್ಟಿದೆ. ಸುಳ್ಳಲ್ಲ, ಕೊಟ್ಟಿದೆ. ಕೇಂದ್ರದ ಪಿಂಚಣಿದಾರನಿಗೆ 1954ರಲ್ಲಿ ದಿಲ್ಲಿಯಲ್ಲಿ ಶುರುವಾದ ಸಿಜಿಎಚ್‌ಎಸ್. ಮಾಜಿ ಸೈನಿಕನಿಗೆ 2003ರ ಏಪ್ರಿಲ್‌ನಿಂದ ಇಸಿಎಚ್‌ಎಸ್. ರೈಲ್ವೆಯವನಿಗೆ ರೈಲ್ವೆಯದೇ ಆಸ್ಪತ್ರೆ, ಉಮಿದ್ ಕಾರ್ಡು. ಮುಫತ್ತೂ ಅಲ್ಲ ಕಣ್ರೀ! ಸಿಜಿಎಚ್‌ಎಸ್‌ನಲ್ಲಿ ಕೆಳದರ್ಜೆಯ ನೌಕರನಿಗೆ ತಿಂಗಳಿಗೆ 250 ರೂಪಾಯಿ ವಂತಿಗೆ. ಹತ್ತು ವರ್ಷದ್ದನ್ನು ಒಮ್ಮೆಗೇ ಕಟ್ಟಿದರೆ ಜೀವಮಾನದ ಕಾರ್ಡು. ಅಂದರೆ 30,000 ರೂಪಾಯಿ. ಒಬ್ಬ ಪೋಸ್ಟ್‌ಮ್ಯಾನ್ ಆ ಗಂಟು ಕಟ್ಟಿ ಕಾರ್ಡು ತಂದಿದ್ದಾನೆಂದರೆ ಅದು ಅವನ ಸ್ವಂತ ದುಡ್ಡು.

ತೊಡಕು ಕಾರ್ಡು ತರುವಾಗಲಲ್ಲ, ಬದುಕು ಬದಲಾದಾಗ. ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅಂಚೆಯಲ್ಲಿ ದುಡಿದ ಅಜ್ಜ, ಅವನ ಹೆಂಡತಿ. ಅಜ್ಜ ತೀರಿಕೊಂಡ. ಆ ದಿನದಿಂದ ಅವ್ವ ಪಿಂಚಣಿದಾರನ ಹೆಂಡತಿಯಲ್ಲ, ಸರ್ಕಾರದ ಕಣ್ಣಲ್ಲಿ ಕುಟುಂಬ ಪಿಂಚಣಿದಾರಳು. ಕಾರ್ಡು ಅವಳ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ, ಪಿಂಚಣಿ ಆದೇಶ, ಫೋಟೋ, ಎಲ್ಲದರಲ್ಲೂ ಹೆಸರು ಒಂದೇ ಇರಬೇಕು. ಒಂದೇ ಇರುವುದಾದರೂ ಹೇಗೆ? ಊರಲ್ಲಿ ನೀಲವ್ವ. ರೇಷನ್ ಕಾರ್ಡಿನಲ್ಲಿ ನೀಲಮ್ಮ. ಗಂಡನ ಸರ್ವೀಸ್ ಪುಸ್ತಕದಲ್ಲಿ ಯಾರೋ ಗುಮಾಸ್ತ ಇಂಗ್ಲಿಷಿನಲ್ಲಿ ಗೀಚಿದ ನೀಲಾಬಾಯಿ. ಒಬ್ಬಳೇ ಹೆಂಗಸು ಮೂರು ಮಂದಿಯಾಗಿ, ಮೂವರಲ್ಲಿ ಒಬ್ಬಳಿಗೂ ಔಷಧಿ ಇಲ್ಲ!

ವಿಳಾಸದ ಕತೆ ಇನ್ನೂ ಚೆನ್ನಾಗಿದೆ. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮುಂಚೆ ನೌಕರಿಗೆ ಸೇರಿದವನ ಕಡತದಲ್ಲಿ ಶಿರೋಳ ಇರುವುದು ಧಾರವಾಡ ಜಿಲ್ಲೆಯಲ್ಲಿ, ಆಧಾರ್‌ನಲ್ಲಿ ಇರುವುದು ಗದಗ ಜಿಲ್ಲೆಯಲ್ಲಿ. ಮನುಷ್ಯ ಮನೆ ಬಿಟ್ಟು ಒಂದು ಹೆಜ್ಜೆ ಕದಲಿಲ್ಲ, ಕಾಗದದಲ್ಲಿ ಮಾತ್ರ ವರ್ಗವಾಗಿಬಿಟ್ಟ! ಇದರ ಮೇಲೆ ಮುಧೋಳ ತಾಲ್ಲೂಕಿನಲ್ಲಿ ಇನ್ನೊಂದು ಶಿರೋಳ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಮತ್ತೊಂದು. ದೂರದ ಮೇಜಿನ ಮುಂದೆ ಕೂತು ಇಂಗ್ಲಿಷ್ ಅಕ್ಷರದಲ್ಲಿ ಓದುವವನಿಗೆ ಮೂರೂ ಒಂದೇ. ನಮ್ಮ ಳಕಾರವನ್ನೇ ನುಂಗಿದ ಲಿಪಿಗೆ ನಮ್ಮ ಊರು ಹೇಗೆ ಗೊತ್ತಾದೀತು?

ಇನ್ನು ನಿಜವಾಗಿ ಊರು ಬಿಟ್ಟವರು. ಇದು ನಿಮ್ಮ ಮನೆಯ ಮಾತು, ಗಮನವಿಟ್ಟು ಓದಿ. ನೀವು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೀರಿ, ಅಪ್ಪ ಒಂಟಿಯಾದ ಮೇಲೆ ನಿಮ್ಮ ಹತ್ತಿರ ಕರೆದುಕೊಂಡು ಬಂದಿರಿ. ಸಿಜಿಎಚ್‌ಎಸ್ ವ್ಯಾಪ್ತಿಯ ಹೊರಗಿನ ಊರಲ್ಲಿ ಇದ್ದಾಗ ಅಪ್ಪನಿಗೆ ಹೊರರೋಗಿ ಚಿಕಿತ್ಸೆಯ ಬದಲು ತಿಂಗಳಿಗೊಂದು ಭತ್ಯೆ ಬರುತ್ತಿತ್ತು. 2017ರ ಜುಲೈ 1ರಿಂದ ಅದು 1000 ರೂಪಾಯಿ. ಈಗ ಬೆಂಗಳೂರಿನ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ತೆಗೆದುಕೊಳ್ಳಬೇಕಾದರೆ ಆ ಭತ್ಯೆ ಬಿಡಬೇಕು, ಬಿಟ್ಟದ್ದಕ್ಕೆ ಪುರಾವೆ ಕೊಡಬೇಕು. ಈ ಆಯ್ಕೆಯನ್ನು ಬದಲಿಸುವ ಅವಕಾಶ ಜೀವಮಾನಕ್ಕೆ ಒಮ್ಮೆ. ಒಮ್ಮೆ ಮಾತ್ರ! ನಾಳೆ ಬೆಂಗಳೂರು ಒಗ್ಗದೆ ಅಪ್ಪ ಮತ್ತೆ ಶಿರೋಳಕ್ಕೆ ಹೊರಟರೆ? ಇಷ್ಟು ದೊಡ್ಡ ತೀರ್ಮಾನಕ್ಕೆ ಮುದುಕ ಸಹಿ ಹಾಕುವ ಕಾಗದದಲ್ಲಿ ಅವನಿಗೆ ಅರ್ಥವಾಗುವ ಒಂದು ವಾಕ್ಯವೂ ಇಲ್ಲ.

ಗಂಡನನ್ನು ಕಳೆದುಕೊಂಡ ಮಗಳು ತವರಿಗೆ ಬಂದರೆ, ಅವಳು ತಂದೆಯನ್ನೇ ಅವಲಂಬಿಸಿದ್ದರೆ, ಅವಳ ಹೆಸರನ್ನೂ ಕಾರ್ಡಿಗೆ ಸೇರಿಸಬಹುದು; ಅವಳ ವಯಸ್ಸು ಅಡ್ಡಿಯಲ್ಲ. ಮಗನಾದರೆ 25 ತುಂಬಿದ ಮೇಲೆ, ಅಥವಾ ದುಡಿಮೆಗೆ ನಿಂತ ಮೇಲೆ, ಅಥವಾ ಮದುವೆಯಾದ ಮೇಲೆ ಹೊರಗೆ. ಅಂಗವಿಕಲನಾದರೆ ಮಾತ್ರ ವಯಸ್ಸಿನ ಮಿತಿ ಇಲ್ಲ. ಎಷ್ಟು ಮನೆಗಳಿಗೆ ಇದು ಗೊತ್ತು? ಕನ್ನಡದಲ್ಲಿ ಬರೆದು ಅಂಚೆ ಕಚೇರಿಯ ಗೋಡೆಗೆ ಅಂಟಿಸಿದ್ದರೆ ಗೊತ್ತಾಗುತ್ತಿತ್ತು. ಅಂಟಿಸುವವರು ಯಾರು?

ಯಾಕೆ ಹೀಗೆ ಎಂದು ಕೇಳಿ. ಗುಮಾಸ್ತರ ಸೋಮಾರಿತನ ಎಂದುಕೊಂಡರೆ ಮೋಸ ಹೋದಿರಿ. ಇದು ನಿಯಮ! 1963ರ ರಾಜಭಾಷಾ ಕಾಯ್ದೆಯ ಕೆಳಗೆ 1976ರಲ್ಲಿ ಮಾಡಿದ ರಾಜಭಾಷಾ ನಿಯಮಗಳಿವೆ. ಅದರ 11ನೇ ನಿಯಮ ಹೇಳುವುದು: ಕೇಂದ್ರ ಸರ್ಕಾರದ ಕಚೇರಿಗಳ ಕೈಪಿಡಿ, ಫಾರಂಗಳು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇರಬೇಕು. ಕನ್ನಡ? ಹೆಸರೇ ಇಲ್ಲ. 5ನೇ ನಿಯಮ ಹೇಳುವುದು: ಹಿಂದಿಯಲ್ಲಿ ಬಂದ ಪತ್ರಕ್ಕೆ ಹಿಂದಿಯಲ್ಲೇ ಉತ್ತರ ಕೊಡಬೇಕು. ಬಿಹಾರದ ಪಿಂಚಣಿದಾರ ತನ್ನ ನುಡಿಯಲ್ಲಿ ಕೇಳಿದರೆ ಅವನ ನುಡಿಯಲ್ಲೇ ಉತ್ತರ, ಅದು ಹಕ್ಕು. ಶಿರೋಳದವನಿಗೆ ಅಂಥ ನಿಯಮವಿಲ್ಲ. ಇಬ್ಬರೂ ಕಟ್ಟಿದ ವಂತಿಗೆ ಮಾತ್ರ ಒಂದೇ! ಇನ್ನೂ ಒಂದು ಸ್ವಾರಸ್ಯ ಕೇಳಿ. ಈ ನಿಯಮಗಳು ಇಡೀ ಭಾರತಕ್ಕೆ ಅನ್ವಯಿಸುತ್ತವೆ, ತಮಿಳುನಾಡೊಂದನ್ನು ಬಿಟ್ಟು. ಹಾಗೆಂದು ನಿಯಮದಲ್ಲೇ ಬರೆದಿದೆ. ಅವರು ಬೀದಿಗೆ ಬಂದಿದ್ದರು, ಹೆದರಿ ಬಿಟ್ಟರು. ನಾವು ವಿಶಾಲ ಹೃದಯದವರಲ್ಲವೇ, ನಮ್ಮನ್ನು ‘ಗ’ ಪ್ರದೇಶ ಎಂದು ಮೂರನೇ ಸಾಲಿಗೆ ಕೂರಿಸಿದರು.

ಕನ್ನಡದಲ್ಲಿ ಅಚ್ಚು ಹಾಕುವುದು ಕಷ್ಟವೇ? ಹತ್ತು ರೂಪಾಯಿ ನೋಟು ತಿರುಗಿಸಿ ನೋಡಿ, ಕನ್ನಡವಿದೆ. ಆಧಾರ್ ಕೇಂದ್ರದ್ದೇ, ಅದರಲ್ಲಿ ಕನ್ನಡವಿದೆ. ಮತದಾರರ ಪಟ್ಟಿ ಕನ್ನಡದಲ್ಲಿದೆ. ನಮ್ಮ ಬೆರಳಿಗೆ ಮಸಿ ಹಚ್ಚುವಾಗ ಬರುವ ಕನ್ನಡ, ನಮ್ಮ ತೋಳಿಗೆ ಸೂಜಿ ಚುಚ್ಚುವಾಗ ಎಲ್ಲಿ ಓಡಿಹೋಗುತ್ತದೆ?

‘ಫಾರಂ ಇಂಗ್ಲಿಷಿನಲ್ಲಿದ್ದರೇನು, ಮೊಮ್ಮಗ ತುಂಬುತ್ತಾನೆ’ ಎನ್ನುವ ಜಾಣರಿದ್ದಾರೆ. ಮೊಮ್ಮಗ ಇಲ್ಲದವರು? ಅವರು ನರಗುಂದದ ಸೈಬರ್ ಅಂಗಡಿಯಲ್ಲಿ ದುಡ್ಡು ಕೊಟ್ಟು, ಮೊಬೈಲಿಗೆ ಬಂದ ಓಟಿಪಿಯನ್ನು ಅಪರಿಚಿತನಿಗೆ ಓದಿ ಹೇಳಬೇಕು. ಬ್ಯಾಂಕಿನವರು ಓಟಿಪಿ ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಸರ್ಕಾರ ಹೇಳದೆ ಗತಿಯಿಲ್ಲದಂತೆ ಮಾಡುತ್ತದೆ. 2025ರ ಏಪ್ರಿಲ್‌ನಲ್ಲಿ ಸಿಜಿಎಚ್‌ಎಸ್ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಹೋಯಿತು, ಗುರುತಿಗೆ ಪ್ಯಾನ್ ಸಂಖ್ಯೆ ಬೇಕಾಯಿತು. ಜೀವನದಲ್ಲಿ ಆದಾಯ ತೆರಿಗೆಯ ಮುಖ ನೋಡದ ವಿಧವೆ ಈಗ ಗುಳಿಗೆಗಾಗಿ ಪ್ಯಾನ್ ಮಾಡಿಸಬೇಕು.

ನಮ್ಮ ರಾಜ್ಯ ಸರ್ಕಾರವನ್ನೂ ಬಿಡುವಂತಿಲ್ಲ. ತನ್ನ ನೌಕರರಿಗೆ ಜ್ಯೋತಿ ಸಂಜೀವಿನಿ ತಂದಾಗ ನಿವೃತ್ತರನ್ನು ಹೊರಗಿಟ್ಟಿತು. ನೌಕರಿಯಲ್ಲಿದ್ದಾಗ ಹೃದಯ ಗಟ್ಟಿ, ನಿವೃತ್ತಿಯ ಮಾರನೇ ದಿನ ಸೋರತೊಡಗುತ್ತದೆ ಎನ್ನುವುದು ವಿಧಾನಸೌಧಕ್ಕೆ ಗೊತ್ತಿರಲಿಲ್ಲವೇನೋ! 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಮಾಡಿದವರು, ಈ ನೆಲದಲ್ಲಿರುವ ಕೇಂದ್ರದ ಕಚೇರಿಗಳ ಫಾರಂ ಬಗ್ಗೆ ದಿಲ್ಲಿಯ ಮುಂದೆ ಗಟ್ಟಿಯಾಗಿ ಕೇಳಿದ್ದನ್ನು ನಾವಂತೂ ಕಂಡಿಲ್ಲ. ನಮ್ಮ ಲೋಕಸಭಾ ಸದಸ್ಯರು... ಹೋಗಲಿ ಬಿಡಿ.

ಈ ನೆಲದ ಗುಣ ಬೇರೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದದ್ದು ಯಾತಕ್ಕೆ? ಮಲಪ್ರಭೆಯ ನೀರು ಸರಿಯಾಗಿ ಹರಿಯದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಎಂದಿದ್ದಕ್ಕೆ. ನೀರಿಲ್ಲದ ಕಾಲುವೆಗೆ ಕರ ಏಕೆ ಎಂದು ಕೇಳಿದರು, ಗುಂಡಿಗೆ ಎದೆ ಕೊಟ್ಟರು. ಕೈಗೆ ಎಟುಕದ ಆಸ್ಪತ್ರೆಗೆ ವಂತಿಗೆ ಏಕೆ ಎಂದು ಅವರ ಮಕ್ಕಳು ಕೇಳಿದರೆ ತಪ್ಪೇ? ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂದದ್ದೂ ಸುಮ್ಮನೆ ಅಲ್ಲ. 2003ರವರೆಗೆ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ಬಾಲವಾಗಿತ್ತು, ಜನ ಕಾದಾಡಿ ತಂದರು. ಕಚೇರಿ ಬಂತು. ಅದರ ಮೇಜಿನ ಮೇಲಿನ ಕಾಗದಕ್ಕೆ ಕನ್ನಡ ಬರಬೇಕಾದದ್ದು ಬಾಕಿ.

ಆದ್ದರಿಂದ ಹುಡುಗರೇ, ಈ ಸಲ ಕೈಗೆ ಮಸಿ ಡಬ್ಬ ಬೇಡ, ಪೆನ್ನು ಸಾಕು. ಸಂವಿಧಾನದ 350ನೇ ವಿಧಿ ನಿಮಗೆ ಗೊತ್ತಿರಲಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎಂದು ಅದು ಹೇಳುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಮಾತ್ರ ಹೇಳುವುದಿಲ್ಲ. ಆ ಸಂದಿಯಲ್ಲೇ ಅವರು ಅಡಗಿ ಕೂತಿದ್ದಾರೆ, ಅಲ್ಲಿಂದಲೇ ಎಳೆದು ತರಬೇಕು. ಈ ಯುಗಾದಿಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯ ಟ್ರಂಕು ತೆಗೆಯಿರಿ. ಪಿಂಚಣಿ ಆದೇಶ, ಆಧಾರ್, ಕಾರ್ಡು ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಊರು, ಜಿಲ್ಲೆ ಹೋಲಿಸಿ. ತಪ್ಪಿದ್ದರೆ ಅವರು ಬದುಕಿರುವಾಗಲೇ ತಿದ್ದಿಸಿ. ತೀರಿದ ಮೇಲೆ ತಿದ್ದಿಸುವುದು ನರಕ. ಭತ್ಯೆಯೋ ಆರೋಗ್ಯ ಕೇಂದ್ರವೋ ಎಂಬುದನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಸಹಿ ಹಾಕಿಸಿ. ಮನವಿಯನ್ನು ಕನ್ನಡದಲ್ಲೇ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕೊನೆಗೆ ಎರಡು ಸಾಲು ಸೇರಿಸಿ: ಉತ್ತರ ಕನ್ನಡದಲ್ಲಿ ಬೇಕು, ಈ ಫಾರಂ ಕನ್ನಡದಲ್ಲಿ ಬೇಕು. ರಸೀದಿ ಜೋಪಾನವಾಗಿಡಿ. ಒಂದು ಪತ್ರವನ್ನು ಅವರು ಕಸದ ಬುಟ್ಟಿಗೆ ಹಾಕಿಯಾರು. ನರಗುಂದ, ರೋಣ, ಗಜೇಂದ್ರಗಡದ ಪ್ರತಿ ಊರಿನಿಂದ ಹತ್ತು ಹತ್ತು ಹೋಗಲಿ, ಎಷ್ಟು ಬುಟ್ಟಿ ತರುತ್ತಾರೆ ನೋಡೋಣ.