ಟಿ.ವಿ. ಕೋಟೆಯ ದಿಡ್ಡಿ ಬಾಗಿಲಿಗೆ ಅಗುಳಿ ಹಾಕುವವರು ಯಾರು?

ಮಧುಗಿರಿ ಬೆಟ್ಟ ಹತ್ತಿದವರಿಗೆ ಗೊತ್ತು, ಕೋಟೆಗೆ ಮೈಸೂರು ಬಾಗಿಲು ಇದ್ದ ಹಾಗೆ ದಿಡ್ಡಿ ಬಾಗಿಲೂ ಒಂದಿದೆ. ಹೆಬ್ಬಾಗಿಲಿಗೆ ಕಾವಲು ಭರ್ಜರಿಯಾಗಿಯೇ ಇರುತ್ತದೆ. ಹಗೆ ನುಗ್ಗುವುದು ಮಾತ್ರ ದಿಡ್ಡಿಯಿಂದ. ಇಂದಿನ ಟಿ.ವಿ. ಚಾನೆಲ್ಲು, ಸುದ್ದಿ ಸಂಸ್ಥೆಗಳ ಪಾಡೂ ಇದೇ ಆಗಿದೆ. ಸ್ಟುಡಿಯೋ ಬಾಗಿಲಲ್ಲಿ ಸೆಕ್ಯುರಿಟಿಯವನು ಕೋಲು ಹಿಡಿದು ನಿಂತಿರುತ್ತಾನೆ, ಕಳ್ಳ ಒಂದು ಇ-ಮೇಲ್ ಮೂಲಕ ಒಳಗೆ ಬಂದು ಕೂತಿರುತ್ತಾನೆ.

"ಅದು ದಿಲ್ಲಿ, ಮುಂಬಯಿಯವರ ತಲೆನೋವು, ನಮಗ್ಯಾಕ್ರೀ" ಎಂದು ಶಿರಾ ಬಸ್ ನಿಲ್ದಾಣದಲ್ಲಿ ನಿಂತವರು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ 2020ರ ಅಕ್ಟೋಬರ್ 24ರ ಶನಿವಾರ ರಾತ್ರಿ, ನಾಡೆಲ್ಲ ಆಯುಧಪೂಜೆಗೆ ಅಣಿಯಾಗುತ್ತಿದ್ದಾಗ, ದೇಶದ ಪತ್ರಿಕೆ ಮತ್ತು ಟಿ.ವಿ.ಗಳಿಗೆ ಸುದ್ದಿ ಕೊಡುವ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾದ ಸರ್ವರುಗಳನ್ನೇ 'ಲಾಕ್‌ಬಿಟ್' ಎಂಬ ಸುಲಿಗೆ ವೈರಸ್ ಕಟ್ಟಿಹಾಕಿತ್ತು. ಇದರ ಕೆಲಸ ಸರಳ. ಕಂಪ್ಯೂಟರಿನಲ್ಲಿರುವುದಕ್ಕೆಲ್ಲ ಬೀಗ ಜಡಿಯುವುದು, ಬೀಗದ ಕೈಗೆ ಹಣ ಕೇಳುವುದು. ಎಂಜಿನಿಯರುಗಳು ರಾತ್ರಿಯೆಲ್ಲ ದುಡಿದು ಮರುದಿನ ಸೇವೆ ಸರಿಪಡಿಸಿದರು, ಹಣ ಕೊಡಲಿಲ್ಲ. ದೊಡ್ಡ ಸಂಸ್ಥೆ, ಎಂಜಿನಿಯರುಗಳಿದ್ದರು, ಬದುಕಿತು. ಇರುವುದೇ ಒಂದು ಕಂಪ್ಯೂಟರು, ಒಬ್ಬ ಹುಡುಗ ಎಂಬ ಕಡೆ ಏನು ಗತಿ?

ಫ್ರಾನ್ಸಿನ ಟಿ.ವಿ.5 ಮೋಂಡ್‌ನ ಕಥೆ ಇನ್ನೂ ಘೋರ. 2015ರ ಏಪ್ರಿಲ್ 8ರ ರಾತ್ರಿ ಅದರ 12 ಚಾನೆಲ್ಲುಗಳೂ ಏಕಕಾಲಕ್ಕೆ ಕಪ್ಪಾದವು. ಹೊಕ್ಕವರು ಅಂದೇ ಬಂದವರಲ್ಲ. ಜನವರಿಯಲ್ಲೇ ನುಸುಳಿ, ಎಲ್ಲಿ ಏನಿದೆ ಎಂದು ತಿಂಗಳುಗಟ್ಟಲೆ ನೋಡಿಕೊಂಡಿದ್ದರು. ಅಂದು ಹೊಸ ಚಾನೆಲ್ಲಿನ ಉದ್ಘಾಟನೆ ಇದ್ದುದರಿಂದ ತಂತ್ರಜ್ಞರು ಅಲ್ಲೇ ಇದ್ದರು. ಅವರಲ್ಲೊಬ್ಬ ದಾಳಿ ನಡೆಯುತ್ತಿದ್ದ ಯಂತ್ರವನ್ನೇ ಪತ್ತೆ ಹಚ್ಚಿ ಇಂಟರ್ನೆಟ್ಟಿನಿಂದ ಕಿತ್ತ. ಇಲ್ಲವಾದರೆ ಚಾನೆಲ್ಲೇ ಮುಳುಗುತ್ತಿತ್ತು. ಮೊದಲ ವರ್ಷದ ದುರಸ್ತಿ ಖರ್ಚೇ ಸುಮಾರು 50 ಲಕ್ಷ ಯೂರೋ. ಮೊದಲಿಗೆ ಐ.ಎಸ್. ಉಗ್ರರ ಹೆಸರು ಹೇಳಿಕೊಂಡಿದ್ದರು. ತನಿಖೆಯ ಬೆರಳು ಆಮೇಲೆ ರಷ್ಯಾದ ಹ್ಯಾಕರುಗಳ ಕಡೆ ತಿರುಗಿತು. ಅಂದರೆ ಕಳ್ಳ ತನ್ನ ಹೆಸರನ್ನೂ ಸುಳ್ಳು ಹೇಳುತ್ತಾನೆ!

ಈಗ ಊರ ಕಡೆ ಬರೋಣ. ಹಿಂದೆ ಕೇಬಲ್ ಟಿ.ವಿ. ಕೆಡಿಸಬೇಕೆಂದರೆ ಕಿಡಿಗೇಡಿ ಕಂಬ ಹತ್ತಬೇಕಿತ್ತು, ಸಿಕ್ಕಿಬಿದ್ದರೆ ಒದೆಯೂ ಬೀಳುತ್ತಿತ್ತು. 2017ರ ಮಾರ್ಚ್ ಗಡುವಿನೊಂದಿಗೆ ಹಳ್ಳಿಗಳಿಗೂ ಸೆಟ್‌ಟಾಪ್ ಬಾಕ್ಸು ಬಂತು, ಎಲ್ಲವೂ ಕಂಪ್ಯೂಟರಿನ ಪಾಲಾಯಿತು. ಕೇಬಲ್ ಆಪರೇಟರ್ ಮೊದಲು ಹೆಡ್ ಪೋಸ್ಟಾಫೀಸಿನಲ್ಲಿ ನೋಂದಣಿ ಮಾಡಿಸುತ್ತಿದ್ದ. 2025ರ ಜನವರಿ 17ರಿಂದ ಅದೂ ಆನ್‌ಲೈನ್. ಕಂಬ, ತಂತಿಗಳ ಜತೆಗೆ ಪಾಸ್‌ವರ್ಡನ್ನೂ ಕಾಯುವುದು ಆತನ ಪಾಲಿಗೆ ಬಂದಿದೆ.

ಇನ್ನು ತಾಲ್ಲೂಕಿಗೆ ನಾಲ್ಕಾರು ಯೂಟ್ಯೂಬ್ ಸುದ್ದಿ ಚಾನೆಲ್ಲುಗಳು. ನೀರು ಯಾವಾಗ ಬಿಡುತ್ತಾರೆ, ದಂಡಿನ ಮಾರಮ್ಮನ ಜಾತ್ರೆಗೆ ರಸ್ತೆ ಯಾವ ಕಡೆ ಬಂದ್, ಯಾರು ತೀರಿಕೊಂಡರು, ಎಲ್ಲ ಅದರಲ್ಲೇ. ಅಂಗಡಿಯವರು ದೀಪಾವಳಿ ಜಾಹೀರಾತಿಗೆ ದುಡ್ಡು ಕೊಡುವುದೂ ಅಲ್ಲಿಗೇ. ಇವುಗಳ ಮೇಲೆ ಕಳ್ಳರ ಕಣ್ಣು ಬೀಳುವ ರೀತಿಯನ್ನು ಗೂಗಲ್ 2021ರ ಅಕ್ಟೋಬರಿನಲ್ಲೇ ಬಿಡಿಸಿ ಹೇಳಿದೆ. "ನಿಮ್ಮ ಚಾನೆಲ್ಲಿಗೆ ಜಾಹೀರಾತು ಕೊಡ್ತೀವಿ, ಈ ಫೈಲ್ ತೆರೆದು ನೋಡಿ" ಎಂದು ಇ-ಮೇಲ್ ಬರುತ್ತದೆ. ಜಾಹೀರಾತಿಗೆ ಬಾಯಿ ಬಿಡುವ ಸಣ್ಣ ಚಾನೆಲ್ಲಿನವನು ತೆರೆಯದೆ ಇರುತ್ತಾನೆಯೇ? ತೆರೆದೊಡನೆ, ಲಾಗಿನ್ ಆಗಿಯೇ ಇರುವ ಖಾತೆಯ ಗುರುತುಚೀಟಿಯನ್ನು ಅದು ಕದ್ದು ಒಯ್ಯುತ್ತದೆ. ಪಾಸ್‌ವರ್ಡೂ ಬೇಡ, ಓ.ಟಿ.ಪಿ.ಯೂ ಬೇಡ. ಬೆಳಗಾಗುವಷ್ಟರಲ್ಲಿ ಚಾನೆಲ್ಲಿನ ಹೆಸರು ಬದಲಾಗಿ ಬಿಟ್‌ಕಾಯಿನ್ ವ್ಯಾಪಾರ ನಡೆದಿರುತ್ತದೆ. 2024ರ ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ಲಿನಲ್ಲೇ ಕ್ರಿಪ್ಟೋ ಜಾಹೀರಾತು ಬಂದಿದ್ದನ್ನು ದೇಶ ನೋಡಿದೆ. ನ್ಯಾಯದೇವತೆಯ ಮನೆಗೇ ಕನ್ನ ಬಿದ್ದ ಮೇಲೆ ಕೊರಟಗೆರೆಯ ಚಾನೆಲ್ಲಿಗೆ ಯಾವ ಭಯ-ಭಕ್ತಿ?

ಹೊಕ್ಕದೆಯೂ ಹೆಸರು ಕದಿಯುವ ವಿದ್ಯೆ ಬೇರೆ ಇದೆ. 2023ರ ಡಿಸೆಂಬರಿನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮುಖ, ದನಿ ನಕಲು ಮಾಡಿದ ವಿಡಿಯೋಗಳು ಹರಿದಾಡಿ, ಹಣ ಹೂಡುವ ಆ ಆಪ್‌ಗಳಿಗೂ ತಮಗೂ ಸಂಬಂಧವಿಲ್ಲ ಎಂದು ಅವರೇ ಸಾರಬೇಕಾಯಿತು. ಪಾವಗಡದಲ್ಲಿ ಕನ್ನಡದ ಜತೆ ತೆಲುಗು ಚಾನೆಲ್ಲುಗಳನ್ನೂ ನೋಡುತ್ತಾರೆ. ಮೋಸಗಾರನಿಗೆ ಎರಡು ಭಾಷೆಯ ಬಲೆ. ಬಸ್ಸಿನಲ್ಲಿ ಕೂತವರು ಮೂಲೆಯ ಲೋಗೋ ನೋಡಿ "ಟಿ.ವಿ.ಲೇ ಬಂತಲ್ಲ" ಅಂತ ನಂಬುತ್ತಾರೆ. ಆ ನಂಬಿಕೆಯೇ ಇಲ್ಲಿ ಕಳವಾಗುವ ಮಾಲು.

ಕಾನೂನು ಇಲ್ಲವೆಂದಲ್ಲ. ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ಆದೇಶಿಸಿದೆ. ತಾಲ್ಲೂಕಿನ ಎಷ್ಟು ಚಾನೆಲ್ಲಿನವರು ಇದನ್ನು ಕೇಳಿದ್ದಾರೋ ದೇವರೇ ಬಲ್ಲ. ಚಾನೆಲ್ಲಿನವರಿಗೂ ಒಂದು ಮಾತು: ಕ್ಯಾಮರಾಕ್ಕೆ ಲಕ್ಷ ಸುರಿಯುವವರು ಹಳೆ ದೃಶ್ಯಗಳ ನಕಲನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ತಂತಿ ಕಿತ್ತು ಬೀರುವಿನಲ್ಲಿಟ್ಟರೆ ಗಂಟೇನೂ ಹೋಗದು. ಪ್ರಸಾರದ ಕಂಪ್ಯೂಟರಿನಲ್ಲೇ ಇ-ಮೇಲ್ ನೋಡುವ, ಸಿನಿಮಾ ಇಳಿಸಿಕೊಳ್ಳುವ ಚಾಳಿ ನಿಲ್ಲಲಿ. ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲಿನಲ್ಲಿ ಇನ್ನೂ ಚಾನೆಲ್ಲಿನ ಕೀಲಿ ಇದೆಯೇ ಎಂದು ಇವತ್ತೇ ನೋಡಿಕೊಳ್ಳಲಿ.

ವಾರ್ತಾ ಇಲಾಖೆ ಮತ್ತು ಪೊಲೀಸರು ಸೇರಿ ಇವರಿಗೆ ಒಂದು ದಿನದ ತರಬೇತಿ ಇಡಬೇಕು. ತುಮಕೂರಿನಲ್ಲಿ ಇಟ್ಟರೆ ಪಾವಗಡದವರು ಸುಮಾರು 100 ಕಿ.ಮೀ. ಬಸ್ಸಿನಲ್ಲಿ ಕುಕ್ಕರಿಸಿ ಹೋಗಬೇಕು, ಯಾರೂ ಹೋಗುವುದಿಲ್ಲ. ನಾಲ್ಕೂ ತಾಲ್ಲೂಕಿಗೆ ಉಪವಿಭಾಗದ ಕೇಂದ್ರ ಮಧುಗಿರಿಯೇ ತಾನೆ? ಅಲ್ಲೇ ಇಡಲಿ, ಸಂತೆಯ ದಿನ ಬಿಟ್ಟು.